ಪಾಲು ಕೊಟ್ಟವನಿಗೆ ಗೇಟಿಲ್ಲ

"ಅಮ್ಮಾ, ಅಬು ಲಾಹಾಯ್ ಅಜ್ಜನ ಮಗ ಹಬ್ಬಕ್ಕೂ ಮನೆಗೆ ಬರಲ್ಲವಲ್ಲ, ಯಾಕೆ?"

ಜುಮಾನಾ ಇದನ್ನು ಕೇಳಿದ್ದು ನಾನು ಅವಳ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಹೇನು ಬಾಚುತ್ತಿದ್ದಾಗ. ಬಾಲವಾಡಿಯಿಂದ ಅವಳು ಪಾಠಕ್ಕಿಂತ ಹೆಚ್ಚಾಗಿ ಹೇನನ್ನೇ ಹೊತ್ತು ತರುತ್ತಾಳೆ.

"ಯಾವ ಮಗ?"

"ಲಾಹಾಯ್. ಅಬು ಸಮೀಹ್ ಅಂದ್ರೆ ಸಮೀಹನ ಅಪ್ಪ. ಅಬು ಲಾಹಾಯ್ ಅಂದ್ರೆ ಲಾಹಾಯ್‌ನ ಅಪ್ಪ ತಾನೆ? ಅವನು ಜೈಲಲ್ಲಿದ್ದಾನಾ?"

"ಇಲ್ಲ ಕಣೇ. ಲಾಹಾಯ್ ಅನ್ನೋದು ಒಂದು ಊರು. ಸಮುದ್ರ ದಾಟಿ ಹೋಗಬೇಕು. ಅಲ್ಲೊಂದು ದೊಡ್ಡ ಕೋರ್ಟಿದೆ."

"ಅಜ್ಜನಿಗೆ ಊರು ಹುಟ್ಟಿತಾ?"

"ತಲೆ ಅಲ್ಲಾಡಿಸಬೇಡ," ಎಂದೆ. ಅತ್ತ ತೊಟ್ಟಿಲಲ್ಲಿ ಚಿಕ್ಕವನು ಕರಮ್ ಎದ್ದು ರಾಗ ತೆಗೆದಿದ್ದ. ಮಾತು ಅಲ್ಲಿಗೇ ನಿಂತಿತು. ಆದರೆ ನನ್ನೊಳಗೆ ನಿಲ್ಲಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಪತ್ರಿಕೆಯವರು ಹೇಗ್ ಎಂದು ಬರೆಯುವ ಊರೇ ನಮ್ಮ ಬಾಯಲ್ಲಿ ಲಾಹಾಯ್. ಆ ಅಜ್ಜ ನನ್ನ ಸೋದರಮಾವ, ರಾಘಿಬ್. ಅವನಿಗೂ ತಮಾಮ್ ಅತ್ತೆಗೂ ಮಕ್ಕಳಾಗಲಿಲ್ಲ. ನಮ್ಮಲ್ಲಿ ಗಂಡಸನ್ನು ಮೊದಲ ಮಗನ ಹೆಸರು ಹಿಡಿದು ಕರೆಯುವುದು. ಮಕ್ಕಳಿಲ್ಲದವನ ಮನಸ್ಸು ನೋಯಬಾರದೆಂದು ಊರವರೇ ಅವನಿಗೊಬ್ಬ ಇಲ್ಲದ ಮಗನನ್ನು ಕಲ್ಪಿಸಿ ಕೊಟ್ಟುಬಿಡುತ್ತಾರೆ. ಮಾವನಿಗೆ ಒಂದು ಕೋರ್ಟನ್ನೇ ಮಗನಾಗಿ ಕೊಟ್ಟರು. ಇಟ್ಟಿದ್ದು ಕುಚೋದ್ಯಕ್ಕೆ. ಈಗ ಕುಚೋದ್ಯ ಸವೆದುಹೋಗಿ ಹೆಸರು ಮಾತ್ರ ಉಳಿದಿದೆ. ನಮ್ಮ ಮಕ್ಕಳಿಗಂತೂ ಅದು ಅವನ ನಿಜವಾದ ಹೆಸರೇ.

ನಮ್ಮ ನೆಲವನ್ನು ಆಕ್ರಮಿಸಿಕೊಂಡವರ ಸೈನ್ಯ ಬೇಲಿ ಹಾಕಿದಾಗ ನಾನು ಇನ್ನೂ ಶಾಲೆಗೆ ಹೋಗುತ್ತಿದ್ದೆ. ಮನೆಗಳೆಲ್ಲ ಈಚೆ ಉಳಿದವು, ತೋಟಗಳೂ ಬಾವಿಗಳೂ ಆಚೆ ಹೋದವು. ನಡುವೆ ಮುಳ್ಳುತಂತಿಯ ಸುರುಳಿ, ಕಂದಕ, ಜೀಪು ಓಡುವ ದಾರಿ, ಮುಟ್ಟಿದರೆ ಎಲ್ಲೋ ಗಂಟೆ ಬಾರಿಸುವ ತಂತಿ. ಪಕ್ಕದ ಕಲ್ಕೀಲಿಯಾ ಪಟ್ಟಣದವರಿಗೆ ಕಾಂಕ್ರೀಟಿನದ್ದೇ ಗೋಡೆ, ನಮಗೆ ತಂತಿ. "ನಾವು ಬಡವರು, ನೋಡಿ, ಗೋಡೆಯೂ ಅಗ್ಗದ್ದೇ ಸಿಕ್ಕಿತು," ಎಂದು ಆಗ ಊರೆಲ್ಲ ನಗುತ್ತಿತ್ತು. ಬೇಲಿಯ ಆಚೆ ಬದಿಯೂ ನಮ್ಮದೇ ನೆಲ. ಅವರ ಗಡಿ ಇರುವುದು ಇನ್ನೂ ಅಷ್ಟು ದೂರ, ಆ ಗುಡ್ಡದ ಆಚೆ. ಮಾವ ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದ.

"ಅವನ ಮನೆಗೆ ಅವನು ಗೋಡೆ ಕಟ್ಟಿಕೊಳ್ಳಲಿ, ಬೇಕಾದ್ರೆ ನಾನೇ ಹೋಗಿ ಸುಣ್ಣ ಹೊಡೆದು ಕೊಡ್ತೀನಿ. ನನ್ನ ಅಂಗಳದಲ್ಲಿ ಯಾಕೆ ಕಟ್ಟಬೇಕು?"

ಗೋಡೆಯ ವಿಷಯ ಲಾಹಾಯ್ ಕೋರ್ಟಿಗೆ ಹೋಗಿತ್ತು, ಆ ದಿನಗಳಲ್ಲಿ ಬಂದವರೂ ಬಹಳ. ವಕೀಲರು, ಕ್ಯಾಮೆರಾದವರು, ನೆಲ ಅಳೆಯುವವರು, ಬಿಳಿ ಟೋಪಿ ಹಾಕಿಕೊಂಡ ಪ್ರೊಫೆಸರ್ ಹೆಂಗಸು. ಎಲ್ಲರನ್ನೂ ಮಾವನೇ ಬೇಲಿಯುದ್ದ ನಡೆಸಿಕೊಂಡು ಹೋಗುತ್ತಿದ್ದ. ತಮಾಮ್ ಅತ್ತೆ ಅವರಿಗೆಲ್ಲ ಕೋಳಿ ಬೇಯಿಸಿ ಹಾಕಿ ಸೋತಳು. "ಈ ಮೊಕದ್ದಮೆಯಲ್ಲಿ ನನ್ನ ಕೋಳಿಗಳೇ ಮೊದಲು ಹುತಾತ್ಮರಾದವು," ಎನ್ನುತ್ತಿದ್ದಳು.

ತೀರ್ಪು ಬಂದಿದ್ದು ಒಂದು ಶುಕ್ರವಾರ, ಬೇಸಿಗೆಯಲ್ಲಿ. ಕ್ಷೌರದಂಗಡಿಯ ಟೀವಿಯ ಮುಂದೆ ಗಂಡಸರೆಲ್ಲ ನೆರೆದಿದ್ದರು. ಆಕ್ರಮಿಸಿಕೊಂಡ ನೆಲದಲ್ಲಿ ಈ ಗೋಡೆ ಕಟ್ಟಿದ್ದು ಕಾನೂನಿಗೆ ವಿರುದ್ಧ, ಕಟ್ಟಿದ್ದನ್ನು ಕೆಡವಬೇಕು, ಕಳೆದುಕೊಂಡವರಿಗೆ ನಷ್ಟ ತುಂಬಿಕೊಡಬೇಕು ಎಂದು ಲಾಹಾಯ್‌ನ ನ್ಯಾಯಾಧೀಶರು ಹೇಳಿದರು. ಮಾವ ಅಂಗಳದ ಮಾತಾಗಿ ಹೇಳಿದ್ದನ್ನೇ ಅವರು ಪುಟಗಟ್ಟಲೆ ಹೇಳಿದ್ದರು. ಅವನು ಅರ್ಧ ಕ್ಷೌರದಲ್ಲೇ ಎದ್ದು ಹೋಗಿ ದೊಡ್ಡ ಪರಾತದ ತುಂಬ ಕುನಾಫಾ ಸಿಹಿ ತಂದು ಊರಿಗೆಲ್ಲ ಹಂಚಿದ. ನನಗೂ ಒಂದು ತುಂಡು ಸಿಕ್ಕಿತ್ತು. ಬಿಸಿ ಗಿಣ್ಣು ನೂಲಿನಂತೆ ಎಳೆಯುತ್ತಿತ್ತು.

ಮರುದಿನ ಬೆಳಿಗ್ಗೆ ಪತ್ರಿಕೆ ಹಿಡಿದುಕೊಂಡು, ತೋಟಗಳಿಗೆ ದಾಟುವ ಬೇಲಿಯ ಗೇಟಿಗೆ ಹೋಗಿ, ಅಲ್ಲಿದ್ದ ಸೈನಿಕನಿಗೆ ಓದಿ ಹೇಳಿದನಂತೆ. ಆ ಹುಡುಗನಿಗೆ ಅಷ್ಟಿಷ್ಟು ಅರಬ್ಬಿ ಬರುತ್ತಿತ್ತು. ಮರ್ಯಾದೆಯಿಂದ ಪೂರಾ ಕೇಳಿಸಿಕೊಂಡ. ಕೇಳಿ, "ಚೆನ್ನಾಗಿದೆ ಹಾಜಿ. ಪಾಸ್ ಎಲ್ಲಿ?" ಎಂದ.

ಅಂದಿನಿಂದ ಮಾವ ಅಬು ಲಾಹಾಯ್.

ಅವನೇನೂ ಬೇಸರಪಟ್ಟುಕೊಳ್ಳಲಿಲ್ಲ. "ತೀರ್ಪು ಬಂದಾಯ್ತು. ಜಾರಿ ಆಗೋದೊಂದು ಬಾಕಿ," ಎನ್ನುತ್ತಿದ್ದ. ಪಾಸ್ ತೋರಿಸಿ ಗೇಟು ದಾಟಿ ತೋಟಕ್ಕೆ ಹೋಗುವುದು, ಸೀಬೆಗಿಡಗಳಿಗೆ ನೀರು ಬಿಡುವುದು, ಮುಚ್ಚುವ ಮೊದಲು ಓಡಿ ಬರುವುದು. ಹಾಗೇ ವರ್ಷಗಳು ಹೋದವು. ಅದೂ ಒಂದು ಬದುಕೇ ಆಗಿತ್ತು, ಈಗ ಯೋಚಿಸಿದರೆ.

ಕೆಟ್ಟಿದ್ದು ಎಲ್ಲಿ ಎಂದರೆ, ಅವನು ಒಳ್ಳೆಯದು ಮಾಡಿದಲ್ಲಿ.

ತಾತ ತೀರಿಕೊಂಡಾಗ ಆಚೆಯ ಜಮೀನು ಮಾವನಿಗೂ ಅವನ ಮೂವರು ತಂಗಿಯರಿಗೂ ಬರಬೇಕಿತ್ತು: ನನ್ನಮ್ಮ ರಬೀಹಾ, ಸಾಹಿರಾ ಚಿಕ್ಕಮ್ಮ, ಇಂತಿಸಾರ್ ಚಿಕ್ಕಮ್ಮ. ಧರ್ಮ ಹೆಣ್ಣುಮಕ್ಕಳಿಗೂ ಪಾಲು ಹೇಳುತ್ತದೆ. ಊರು ಹೇಳುವುದು ಬೇರೆ. ಅಣ್ಣ ತಂಗಿಯರನ್ನು ಖಾಜಿಯ ಮುಂದೆ ಕರೆದೊಯ್ಯುತ್ತಾನೆ, ಅವರು "ನಮ್ಮಿಷ್ಟದಿಂದ ಬಿಟ್ಟುಕೊಟ್ಟೆವು" ಎನ್ನುತ್ತಾರೆ, ಹಿಂದಿರುಗುವ ದಾರಿಯಲ್ಲಿ ಅವನು ಒಬ್ಬೊಬ್ಬಳಿಗೂ ಒಂದೊಂದು ಉಂಗುರ ಕೊಡಿಸುತ್ತಾನೆ. ಬಿಡದಿದ್ದವಳಿಗೆ ತವರಿನ ಬಾಗಿಲು ಮುಚ್ಚಿದಂತೆಯೇ. ಪಕ್ಕದ ತೋಟದ ಹಿಕ್ಮತ್ ಮಾಡಿದ್ದೂ ಅದನ್ನೇ. ಮಾವ ಒಪ್ಪಲಿಲ್ಲ.

"ಅವರು ನನ್ನ ಅಂಗಳ ತಿಂದರು ಅಂತ ಲೋಕದ ಮುಂದೆಲ್ಲ ಬಾಯಿ ಬಡ್ಕೊಂಡೆ. ಈಗ ನಾನು ತಂಗಿಯರ ಅಂಗಳ ತಿನ್ನಲಾ?"

ಎಲ್ಲರ ಪಾಲನ್ನೂ ಅಳೆಸಿ, ಅವರವರ ಹೆಸರಿಗೆ ಬರೆಸಿದ. ಶುಕ್ರವಾರದ ನಮಾಜಿನಲ್ಲಿ ಇಮಾಮರು ಅವನ ಹೆಸರೆತ್ತಿ ಹೊಗಳಿದರು. ನನ್ನಮ್ಮನಂತೂ ತರಕಾರಿಯವನ ಹತ್ತಿರ ಚೌಕಾಶಿ ಮಾಡುವಾಗಲೂ "ನನ್ನನ್ನೇನು ಅಂದ್ಕೊಂಡೆಯೋ, ನಾನೂ ಜಮೀನಿರೋಳು," ಎನ್ನುತ್ತಿದ್ದಳು. ತನ್ನದಾದ ಮೇಲೆ ಆ ಜಮೀನನ್ನು ಕೊನೆಯವರೆಗೂ ನೋಡಲಾಗಲಿಲ್ಲ ಅವಳಿಗೆ, ಪಾಸ್ ಸಿಗಲಿಲ್ಲ. ಮಾವ ತಂದುಕೊಡುತ್ತಿದ್ದ ಸೀಬೆಯನ್ನು ಮೂಸಿ ಮೂಸಿ ಇಡುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಧರ್ಮದ ಲೆಕ್ಕದಂತೆ ಆ ಪಾಲೂ ಅವಳ ಅಣ್ಣತಂಗಿಯರಿಗೂ ಒಬ್ಬಳೇ ಮಗಳಾದ ನನಗೂ ಒಡೆದು, ನನ್ನ ಹೆಸರಿಗೆ ಬಂದದ್ದು ಒಂದು ನಡುಮನೆಯಷ್ಟು ನೆಲ.

ಆಮೇಲೆ ಪಾಸ್ ಕೊಡುವವರು ಹೊಸ ಮಾತು ತೆಗೆದರು. ನಿನ್ನ ಹೆಸರಲ್ಲಿ ಎಷ್ಟಿದೆಯೋ ಅಷ್ಟಕ್ಕೆ ಮಾತ್ರ ಪಾಸ್. ತೀರಾ ಚಿಕ್ಕ ತುಂಡಾದರೆ ಸಾಗುವಳಿಯ ಅಗತ್ಯವೇ ಇಲ್ಲ, ಪಾಸೂ ಇಲ್ಲ. ಪಾಸ್ ಕಚೇರಿಯ ಕಿಟಕಿಯ ಆಚೆ ಕೂತವನೊಡನೆ ನಡೆದ ಮಾತನ್ನು ಮಾವ ನಮಗೆಲ್ಲ ಎಷ್ಟು ಸಲ ಹೇಳಿದ್ದಾನೋ. ಅವನ ದನಿಯನ್ನೇ ಅನುಕರಿಸಿ ಹೇಳುತ್ತಾನೆ.

"'ನಿನ್ನ ಹೆಸರಲ್ಲಿರೋದು ಕರವಸ್ತ್ರದಷ್ಟು. ಕರವಸ್ತ್ರಕ್ಕೆ ಯಾರಾದ್ರೂ ನೇಗಿಲು ಕಟ್ತಾರಾ?' ಅಂದ. 'ಉಳಿದದ್ದು ತಂಗಿಯರದು ಸ್ವಾಮಿ, ನೋಡ್ಕೊಳ್ಳೋನು ನಾನೇ,' ಅಂದೆ. 'ಹಾಗಾದ್ರೆ ಅವರೇ ಬರಲಿ.' 'ಅವರದು ಇನ್ನೂ ಚಿಕ್ಕದು.' 'ಹಾಗಾದ್ರೆ ಅವರಿಗೂ ಇಲ್ಲ.' ಅಷ್ಟೇ. ಮುಂದಿನವನನ್ನ ಕರೆದ."

ಇದು ಹೋದ ವರ್ಷದ ಹಿಂದಿನ ಚಳಿಗಾಲದ ಮಾತು. ಅಂದಿನಿಂದ ಮಾವ ತೋಟದ ಮಣ್ಣು ತುಳಿದಿಲ್ಲ. ತುಳಿಯದೆ ಬಿಟ್ಟ ನೆಲವನ್ನು, ಕೆಲವು ವರ್ಷ ಪಾಳು ಬಿದ್ದರೆ, ವಾರಸುದಾರರಿಲ್ಲವೆಂದು ಅವರ ಸರಕಾರ ತೆಗೆದುಕೊಳ್ಳಬಹುದು. ತುರ್ಕರ ಕಾಲದ ಒಂದು ಕಾನೂನನ್ನು ಅದಕ್ಕಾಗಿಯೇ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಸೀಬೆಗಿಡ ಆಲಿವ್ ಮರದ ಹಾಗಲ್ಲ, ನೀರಿಲ್ಲದೆ ಕಾಯುವುದಿಲ್ಲ. ಹೀಗೆ ಅವನು ಕಾಯುತ್ತಿರುವುದು ತೀರ್ಪಿನ ಜಾರಿಗೋ, ಗಿಡಗಳ ಸಾವಿಗೋ ಎಂದು ತಮಾಮ್ ಅತ್ತೆ ನನ್ನ ಹತ್ತಿರ ಒಂದು ಸಲ ಕೇಳಿದಳು. ನಾನು ಬಟ್ಟೆ ಹಿಂಡುತ್ತಿದ್ದೆ, ಹಿಂಡುತ್ತಲೇ ಇದ್ದೆ.

ಆದರೂ ಬೆಳಿಗ್ಗೆ ಗೇಟಿಗೆ ಹೋಗುವುದನ್ನು ಅವನು ಬಿಟ್ಟಿಲ್ಲ. ಹೋಗಿ ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲುತ್ತಾನೆ. ಸರದಿ ಬಂದಾಗ ಪಕ್ಕಕ್ಕೆ ಸರಿಯುತ್ತಾನೆ.

ಹೇನಿನ ಮಾತಾದ ಮರುದಿನ ಜುಮಾನಾ ಹಟ ಹಿಡಿದಳು, ಅಜ್ಜನ ಜೊತೆ ಹೋಗಬೇಕೆಂದು. ಬಾಲವಾಡಿಗೆ ರಜೆ. ಕರಮ್‌ನನ್ನು ಬೆನ್ನಿಗೆ ಕಟ್ಟಿಕೊಂಡು ನಾನೂ ಹೋದೆ. ಸೀಬೆಯ ಕಾಲ, ಆಚೆಯಿಂದ ವಾಸನೆ ಬರುತ್ತಿತ್ತು. ಬಿದ್ದು ಕೊಳೆಯುತ್ತಿರುವ ಹಣ್ಣಿನದು, ಸಿಹಿ ಮತ್ತು ಹುಳಿ ಸೇರಿದ್ದು. ಆ ವಾಸನೆ ಯಾರ ತೋಟದಿಂದ ಬರುತ್ತಿದೆಯೆಂದು ಸಾಲಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡಲಿಲ್ಲ.

ಹಿಕ್ಮತ್ ಆಡಿದ. ಟ್ರ್ಯಾಕ್ಟರಿನ ಮೇಲೆ ಕೂತವನು ಎಂದೂ ಸುಮ್ಮನಿರುವವನಲ್ಲ.

"ಏನು ಅಬು ಲಾಹಾಯ್, ಮಗ ಇವತ್ತಾದ್ರೂ ಕೀಲಿ ಕಳಿಸಿದ್ನಾ?"

"ಬರ್ತಾ ಇದ್ದಾನಂತೆ," ಎಂದ ಮಾವ. "ನಿನ್ನ ಟ್ರ್ಯಾಕ್ಟರೇ ದಾರೀಲಿ ಅಡ್ಡ ನಿಂತಿದೆಯಂತೆ."

ಸಾಲು ನಕ್ಕಿತು. ಹಿಕ್ಮತ್ ಕೂಡ ನಕ್ಕು, ಕೆಳಗಿಳಿದು ಬಂದು ಒಂದು ಚೀಲ ಚಾಚಿದ. ಹಿಂದಿನ ದಿನ ಆರಿಸಿದ ಸೀಬೆ.

"ಇಟ್ಕೋ. ನಿನ್ನ ಗಿಡದ್ದೇ. ಬಿದ್ದು ಹೋಗ್ತಿತ್ತು."

ಮಾವ ಕೈ ಚಾಚಲಿಲ್ಲ. ಜುಮಾನಾ ಚಾಚಿದಳು. ನಾನು ತಡೆಯುವ ಮೊದಲೇ ಒಂದನ್ನು ಕಚ್ಚಿಯೂ ಆಗಿತ್ತು.

"ಬಾವಿ ಹತ್ತಿರದ ಸಾಲು ಹೇಗಿದೆ?" ಮಾವ ಕೇಳಿದ.

"ತುದಿ ಒಣಗ್ತಾ ಇದೆ. ನಾನೂ ಎಷ್ಟೂಂತ ನೀರು ಬಿಡಲಿ, ನನ್ನದೇ ನನಗೆ ಸಾಕಾಗಿದೆ. ಈ ಬೇಸಿಗೆ ಹೇಗೋ ದಾಟುತ್ತೆ. ಮುಂದಿನದು ದಾಟಲ್ಲ." ಹಿಕ್ಮತ್ ದನಿ ತಗ್ಗಿಸಿದ. ಅವನು ಕೆಟ್ಟವನಲ್ಲ. "ನೋಡು ರಾಘಿಬ್, ತಂಗಿಯರನ್ನ ಕರ್ಕೊಂಡು ಖಾಜಿ ಹತ್ರ ಹೋಗು. ಅವರು ಬಿಟ್ಟುಕೊಡ್ತಾರೆ. ಎಲ್ಲಾ ನಿನ್ನ ಹೆಸರಿಗೆ ಬಂದ್ರೆ ನಾಳೆಯೇ ಪಾಸ್. ನನ್ನ ಅಕ್ಕಂದಿರು ನನ್ನನ್ನ ಶಪಿಸಿಕೊಂಡೇ ಇರಲಿ, ಗಿಡ ಹಸಿರಾಗಿದೆ. ನಿನಗೆ ನಿನ್ನ ತಂಗಿಯರು ದುವಾ ಮಾಡ್ತಾರೆ, ಗಿಡ ಒಣಗಿದೆ. ಯಾವುದು ಮೇಲು?"

ಗೇಟು ತೆರೆಯಿತು. ಹಿಕ್ಮತ್ ಟ್ರ್ಯಾಕ್ಟರ್ ಹತ್ತಿದ. ಒಬ್ಬೊಬ್ಬರಾಗಿ ಪಾಸ್ ತೋರಿಸಿ ದಾಟಿದರು. ಮಾವ ಸರದಿ ಬಂದಾಗ ಪಕ್ಕಕ್ಕೆ ಸರಿದ. ಅಲ್ಲಿದ್ದ ಸೈನಿಕ ಹೊಸಬ, ಇವನು ಯಾಕೆ ನಿಂತಿದ್ದಾನೆಂದು ತಿಳಿಯದೆ ಬೆರಳಲ್ಲೇ ಪ್ರಶ್ನೆ ಮಾಡಿದ. ಮಾವ ಬೆರಳಲ್ಲೇ ಏನೂ ಇಲ್ಲ ಎಂದ.

ಮನೆಗೆ ಬಂದ ಮೇಲೆ ಆ ಹಣ್ಣಿನಲ್ಲಿ ಕೆಟ್ಟಭಾಗ ಕೊಯ್ದು ತೆಗೆದು ಮುರಬ್ಬ ಮಾಡಿಟ್ಟೆ. ಯಾರ ಗಿಡದ್ದಾದರೇನು, ಹಣ್ಣು ಹಾಳು ಮಾಡಬಾರದು.

ಆ ವಾರವೇ ಸಾಹಿರಾ ಚಿಕ್ಕಮ್ಮ ನಮ್ಮೆಲ್ಲರನ್ನೂ ಮಾವನ ಮನೆಯಲ್ಲಿ ಸೇರಿಸಿದಳು. ಇಂತಿಸಾರ್ ಚಿಕ್ಕಮ್ಮನೂ ಬಂದಳು, ಮೊಣಕಾಲು ಹಿಡಿದುಕೊಂಡು. ತಮಾಮ್ ಅತ್ತೆ ಪರಾತದಲ್ಲಿ ಗೋಧಿನುಚ್ಚಿನ ಮೇಲೆ ಹಿಟ್ಟು ಚಿಮುಕಿಸಿ ಮಫ್ತೂಲ್ ಉಜ್ಜುತ್ತಿದ್ದಳು. ನಾವೂ ಸುತ್ತ ಕೂತು ಕೈ ಹಾಕಿದೆವು. ಮಾವ ಬಾಗಿಲ ಹತ್ತಿರ ಕೂತಿದ್ದ.

"ಅಣ್ಣಾ," ಎಂದಳು ಸಾಹಿರಾ ಚಿಕ್ಕಮ್ಮ, "ನಾವು ಮಾತಾಡ್ಕೊಂಡಿದ್ದೀವಿ. ನೀನು ಕೊಟ್ಟಿದ್ದು ದೇವರಿಗೆ ಗೊತ್ತು. ಈಗ ನಾವೇ ನಿನಗೆ ಕೊಡ್ತೀವಿ. ಖಾಜಿ ಹತ್ರ ಹೋಗೋಣ."

"ಹೋಗಿ ಏನಂತ ಹೇಳ್ತೀಯ?"

"ನಮ್ಮಿಷ್ಟದಿಂದ ಬಿಟ್ಟುಕೊಟ್ಟೆವು ಅಂತ."

"ಊರಲ್ಲಿ ಎಲ್ಲಾ ಹೆಂಗಸರೂ ಹಾಗೇ ಹೇಳೋದು."

"ಅವರು ಸುಳ್ಳು ಹೇಳ್ತಾರೆ, ನಾವು ನಿಜ ಹೇಳ್ತೀವಿ."

"ಖಾಜಿಯ ಕಿವಿಗೆ ಎರಡೂ ಒಂದೇ," ಎಂದ ಮಾವ. "ಹಿಕ್ಮತ್‌ನ ಕಿವಿಗೂ. ನಾಳೆ ಯಾವನೋ ತನ್ನ ತಂಗಿಯ ಕೈ ಹಿಡಿದು ಎಳ್ಕೊಂಡು ಹೋಗುವಾಗ, 'ಅಬು ಲಾಹಾಯೇ ಮಾಡ್ಲಿಲ್ವೇನೇ, ನಿನ್ನದೇನು ದೊಡ್ಡದು' ಅಂತಾನೆ."

ಇಂತಿಸಾರ್ ಚಿಕ್ಕಮ್ಮ ಸಿಟ್ಟಾದಳು. "ನಿನಗೆ ನಿನ್ನ ಒಳ್ಳೆತನವೇ ಮುಖ್ಯ, ಅಪ್ಪನ ಗಿಡಗಳಲ್ಲ. ಆ ಕೋರ್ಟಿನ ಹಾಗೇ ನೀನೂ. ಸರಿಯಾದ್ದನ್ನ ಹೇಳೋದು, ಆಮೇಲೆ ಕೈಕಟ್ಟಿ ಕೂರೋದು."

ಪರಾತದಲ್ಲಿ ಕೈಗಳು ಉಜ್ಜುತ್ತಲೇ ಇದ್ದವು. ಮಾವ ಎದ್ದು ಕೋಳಿಗಳಿಗೆ ಕಾಳು ಹಾಕಲು ಹೋದ. ಆಗಲೇ ಹಾಕಿಯಾಗಿತ್ತು, ಅತ್ತೆ ಅದನ್ನು ಹೇಳಲಿಲ್ಲ.

ನನ್ನನ್ನು ಯಾರೂ ಕೇಳಿರಲಿಲ್ಲ. ಚಿಕ್ಕಮ್ಮಂದಿರು ಬಿಟ್ಟರೆ ನಾನೂ ಬಿಡುತ್ತೇನೆಂದೇ ಅವರ ಲೆಕ್ಕ. ಬಿಡುವುದೇ ಸರಿ ಎಂದು ನನಗೂ ಗೊತ್ತು. ಆದರೆ ಅಮ್ಮನ ಹೆಸರಲ್ಲಿ ಈ ಲೋಕದಲ್ಲಿ ಇದ್ದ ಒಂದೇ ವಸ್ತು ಅದು. ಒಲೆ, ಪಾತ್ರೆ, ಮನೆ ಎಲ್ಲವೂ ಅಪ್ಪನವು. ಆ ನಡುಮನೆಯಷ್ಟು ನೆಲವನ್ನು ನೋಡದೆಯೇ ಬಿಟ್ಟುಕೊಡಲು ಮನಸ್ಸಿಗೆ ಒಂಥರಾ ಆಗುತ್ತಿತ್ತು. ನನ್ನ ಗಂಡ ಇಯಾದ್‌ಗೆ ಹೇಳಿದೆ. ಅವನು ಇಡೀ ದಿನ ಯಾರದೋ ಮನೆಗೆ ವೈರು ಎಳೆದು ಬಂದಿದ್ದ, ಕಣ್ಣು ಕೂರುತ್ತಿತ್ತು. "ಕೊಡೋದಾದ್ರೆ ಬೇಗ ಕೊಡು. ಕೊಡದಿದ್ರೆ ಬೇಗ ಹೇಳು. ಆ ಮನುಷ್ಯನನ್ನ ಇನ್ನೂ ಕಾಯಿಸಬೇಡ," ಎಂದ. ಎಂದವನೇ ಮಲಗಿದ. ಸರಿಯಾಗೇ ಹೇಳಿದ್ದ. ಕೊಟ್ಟುಬಿಡುವುದೆಂದು ಅಂದೇ ತೀರ್ಮಾನಿಸಿದೆ. ಮಾವ ಕೇಳಲಿ ಎಂದು ಕಾದೆ.

ಅವನು ಕೇಳಲಿಲ್ಲ. ಸೀಬೆಯ ಕಾಲ ಮುಗಿಯಿತು. ಒಂದು ದಿನ ಅವನು ಗೇಟಿಗೂ ಹೋಗಲಿಲ್ಲವೆಂದು ಅತ್ತೆ ಬಂದು ಹೇಳಿದಳು. ಜ್ವರವಿಲ್ಲ, ನೋವಿಲ್ಲ, ಗೋಡೆಗೆ ಮುಖಮಾಡಿ ಮಲಗಿದ್ದಾನೆ. ಮರುದಿನವೂ ಹಾಗೇ. "ಬೈಯೋಕಾದ್ರೂ ಎದ್ದೇಳ್ತಾನೇನೋ ಅಂತ ಸಾರಿಗೆ ಉಪ್ಪೇ ಹಾಕ್ಲಿಲ್ಲ. ಹಾಗೇ ಉಂಡ," ಎಂದಳು. ಆ ಹೆಂಗಸು ಹೆದರಿದ್ದನ್ನು ನಾನು ಅದೇ ಮೊದಲು ಕಂಡಿದ್ದು.

ಹಾಗಾಗಿ ನಿನ್ನೆ ಮಧ್ಯಾಹ್ನ ಅವನೇ ನಮ್ಮ ಬಾಗಿಲಲ್ಲಿ ನಿಂತಾಗ ನನಗೆ ಜೀವ ಬಂದಂತಾಯಿತು. ಗಡ್ಡ ಬೋಳಿಸಿದ್ದ. ಹಬ್ಬಕ್ಕೆ ಹಾಕುವ ಕೋಟು ಹಾಕಿದ್ದ. ಮಕ್ಕಳಿಬ್ಬರೂ ಮಲಗಿದ್ದರು. ಬೇಗ ಬೇಗ ಏಲಕ್ಕಿ ಕುಟ್ಟಿ ಕಾಫಿ ಮಾಡಿ ತಂದುಕೊಟ್ಟೆ.

ಅವನು ಬಟ್ಟಲನ್ನು ತೆಗೆದುಕೊಂಡು, ತುಟಿಗೆ ತಾಗಿಸದೆ, ಎದುರಿಗೆ ನೆಲದ ಮೇಲಿಟ್ಟ.

ಬೇಡಿಕೆ ಹೊತ್ತು ಬಂದವನು ಕಾಫಿ ಮುಟ್ಟುವುದಿಲ್ಲ. ಮನೆಯವರು 'ಕೇಳಿದ್ದು ಕೊಟ್ಟೆವು, ಕುಡಿ' ಎನ್ನುವ ತನಕ ಬಟ್ಟಲು ಹಾಗೇ ಇರಬೇಕು. ಹೆಣ್ಣು ಕೇಳಲು ಬಂದ ಹಿರಿಯರು ಹಾಗೆ ಮಾಡುತ್ತಾರೆ. ರಕ್ತದ ವ್ಯಾಜ್ಯಕ್ಕೆ ರಾಜಿ ಕೇಳುವವರು ಹಾಗೆ ಮಾಡುತ್ತಾರೆ. ತನ್ನ ಕೈಯಲ್ಲೇ ಆಡಿ ಬೆಳೆದ ತಂಗಿಯ ಮಗಳ ಮುಂದೆ ಯಾವ ಸೋದರಮಾವನೂ ಹಾಗೆ ಕೂರುವುದಿಲ್ಲ.

"ಮಾವ, ಕುಡಿ," ಎಂದೆ. "ನಾನು ಆಗಲೇ ಯೋಚಿಸಿಟ್ಟಿದ್ದೀನಿ. ಅಮ್ಮನ ಪಾಲಲ್ಲಿ ನನಗೆ ಬಂದದ್ದು ನಿನಗೇ. ಯಾವತ್ತು ಅಂತ ಹೇಳು, ಬರ್ತೀನಿ."

"ಕೇಳದೆಯೇ ಹೂಂ ಅನ್ಬೇಡ," ಎಂದ. "ನಾನು ಕೇಳೋಕೆ ಬಂದಿದ್ದು ಅದಲ್ಲ."

ಅವನ ಕಣ್ಣು ನೆಟ್ಟಿದ್ದು ತೊಟ್ಟಿಲಲ್ಲಿ ಮಲಗಿದ್ದ ಕರಮ್‌ನ ಕಾಲಿನ ಮೇಲೆ.

"ನನ್ನ ಹೆಸರಿಗೆ ಬಂದ್ರೆ ಎಷ್ಟು ದಿನ? ನನಗೆ ಮಕ್ಕಳಿಲ್ಲ. ನಾನು ಸತ್ತ ದಿನ ಅದು ಮತ್ತೆ ಹರಿದು ಕರವಸ್ತ್ರ ಆಗುತ್ತೆ. ಮತ್ತೆ ಅದೇ ಕಿಟಕಿ. ಸಾಹಿರಾ, ಇಂತಿಸಾರ್ ಇಬ್ಬರ ಹತ್ರಾನೂ ನಿನ್ನೆ ಹೋಗಿದ್ದೆ. ತಮಾಮ್‌ಗೂ ಹೇಳಿದ್ದೀನಿ. ಅವರು ಬಿಟ್ಟುಕೊಡಲಿ, ನಾನೂ ಬಿಟ್ಟುಕೊಡ್ತೀನಿ. ಖಾಜಿ ಮುಂದೆ ಒಬ್ಬ ಅಣ್ಣ ನಿಂತು ತನ್ನ ಪಾಲನ್ನ ತಂಗಿಯ ಮಗಳಿಗೆ ಬಿಟ್ಟದ್ದನ್ನೂ ಊರು ಒಂದ್ಸಲ ನೋಡಲಿ. ಎಲ್ಲಾ ನಿನ್ನ ಹೆಸರಿಗೆ, ರನೀಮ್."

"ನನ್ನ ಹೆಸರಿಗಾ? ನನಗೆ ಗಿಡದ ಬುಡ ಯಾವುದು, ತುದಿ ಯಾವುದು ಅಂತಾನೂ ಗೊತ್ತಿಲ್ಲ."

"ಗೊತ್ತು ನನಗೆ." ಅವನು ನಗಲು ನೋಡಿದ. "ಇದು ಉಡುಗೊರೆ ಅಲ್ಲ ಮಗಳೇ, ಹೊರೆ. ಹೆಸರಿದ್ದವಳು ಆಗಾಗ ಗೇಟು ದಾಟದಿದ್ರೆ ಪಾಸ್ ಕಿತ್ಕೊಳ್ತಾರೆ. ಈ ಪುಟ್ಟದನ್ನ ಕಟ್ಕೊಂಡು ಬಿಸಿಲಲ್ಲಿ ಆ ಸಾಲಲ್ಲಿ ನಿಲ್ಲಬೇಕಾಗುತ್ತೆ. ಹಿಕ್ಮತ್‌ನ ಬಾಯಿ ಕೇಳಬೇಕಾಗುತ್ತೆ. ಮಳೆಗಾಲದಲ್ಲಿ ಕೆಸರು. ಯಾವತ್ತೋ ಸುಮ್ಮಸುಮ್ಮನೆ ತೆರೆಯೋದೇ ಇಲ್ಲ. ವರ್ಷಗಟ್ಟಲೆ ಇರುತ್ತೆ ಇದು. ತೀರ್ಪು ಜಾರಿಯಾಗೋ ತನಕ."

ಕೊನೆಯ ಮಾತನ್ನು ಅವನು ಅಭ್ಯಾಸದ ಮೇಲೆ ಅಂದ. ಅಂದು, ತನಗೇ ಕೇಳಿಸಿದಂತಾಗಿ ಬಟ್ಟಲಿನತ್ತ ನೋಡಿದ.

ನಾನು ಇಯಾದ್‌ನನ್ನು ಕೇಳಬೇಕು ಅನ್ನಲಿಲ್ಲ. ಹಾಲು ಬಿಡಿಸದ ಕೂಸಿದೆ ಅನ್ನಲಿಲ್ಲ. ಅವೆಲ್ಲ ಅವನಿಗೂ ಗೊತ್ತಿದ್ದವು. ಅವನು ಕೋಟಿನ ಗುಂಡಿಯನ್ನು ಬಿಚ್ಚಿ, ಮತ್ತೆ ಹಾಕಿ, ನನ್ನ ಮುಖ ನೋಡದೆ ಹೇಳಿದ:

"ಜಮೀನಿರೋರು ಪಾಸ್ ಕೇಳುವಾಗ ಆಳು ಬೇಕು ಅಂತಾನೂ ಬರೆಸಬಹುದಂತೆ. ಸೀಬೆಗೆ ಒಬ್ಬನನ್ನ ಕೊಡ್ತಾರಂತೆ. ವಯಸ್ಸಾಗಿದೆ, ಆದ್ರೆ ಕೆಲಸಕ್ಕೆ ಬರ್ತಾನೆ ಅಂತ ಹೇಳು. ನನ್ನನ್ನ ಕೂಲಿಗೆ ಇಟ್ಕೋ, ತಾಯಿ."